ಶಿಶುಪಾಲನಗೃಹಗಳೂ ರಾಜಾನುಜ್ಞೆಯೂ

೧. ವಿಷಯಪ್ರವೇಶ

ತಾಯಿತಂದೆಗಳು ದುಡಿಮೆಗೆ ಹೋಗಿರುವ ಹೊತ್ತಿನಲ್ಲಿ ಅವರ ಮಕ್ಕಳನ್ನು ಸಂಬಳಕ್ಕೆ ನೋಡಿಕೊಳ್ಳುವ ಮನೆಗೆ ಕನ್ನಡದಲ್ಲಿ ನೆಲೆನಿಂತ ಹೆಸರೊಂದು ಇನ್ನೂ ಏರ್ಪಟ್ಟಿಲ್ಲ. ಶಿಶುವಿಹಾರ, ಬಾಲವಾಡಿ, ಅಂಗನವಾಡಿ, ಕೂಸಿನ ಮನೆ ಎಂಬ ಮಾತುಗಳು ಒಂದೊಂದು ಕಾಲದಲ್ಲಿ ಒಂದೊಂದು ಏರ್ಪಾಡಿಗೆ ರೂಢವಾಗಿವೆ. ಪಟ್ಟಣಗಳಲ್ಲಾದರೋ ಡೇಕೇರ್ ಎಂಬ ಆಂಗ್ಲಪದವೇ ಎಲ್ಲರ ಬಾಯಲ್ಲಿಯೂ ಇದೆ. ಈ ಲೇಖನದಲ್ಲಿ ಶಿಶುಪಾಲನಗೃಹವೆಂಬ ಮಾತನ್ನು ಆ ಅರ್ಥದಲ್ಲಿಯೇ ಬಳಸಿದೆ. ಇಂಥ ಗೃಹವನ್ನು ತೆರೆಯುವವರು ರಾಜ್ಯದ ಅನುಜ್ಞೆಯನ್ನು ಪಡೆಯಬೇಕೆಂದು ಅನೇಕ ದೇಶಗಳ ಶಾಸನಗಳು ವಿಧಿಸುತ್ತವೆ. ಆ ಅನುಜ್ಞೆಗೆ ಲೈಸೆನ್ಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಆ ಪದದ ಮೂಲಧಾತುವಿಗೆ ‘ಸಮ್ಮತವಾಗಿರುವುದು’ ಎಂದು ಅರ್ಥವಾದುದರಿಂದ ನಮ್ಮ ‘ಅನುಜ್ಞೆ’ಗೂ ಅದಕ್ಕೂ ಅರ್ಥಸಾಮ್ಯವು ಚೆನ್ನಾಗಿಯೇ ಇದೆ. ಪಾರಸಿಯಿಂದ ಬಂದ ‘ಪರವಾನಗಿ’ಯು ಕಚೇರಿಯ ಮಾತಾಗಿ ಉಳಿದಿದೆ.

ತನ್ನ ಮನೆಯಲ್ಲಿ ಮಕ್ಕಳನ್ನು ಆಡಿಸುವುದಕ್ಕೆ ಅರಸನ ಅಪ್ಪಣೆ ಏತಕ್ಕೆ ಎಂಬ ಪ್ರಶ್ನೆ ಸಹಜವಾದುದೇ. ವೈದ್ಯಶಾಸ್ತ್ರ, ಅರ್ಥಶಾಸ್ತ್ರ, ಕಾವ್ಯಪುರಾಣಗಳಲ್ಲಿ ಶಿಶುಪಾಲನೆಯ ವಿಚಾರವು ವಿಪುಲವಾಗಿದ್ದರೂ ಅನುಜ್ಞೆಯ ಮಾತು ಅಲ್ಲಿ ಆ ಪ್ರಸಂಗದಲ್ಲಿ ಕಾಣಿಸದು. ಅದು ಏಕೆ ಇರಲಿಲ್ಲ, ಈಗ ಏಕೆ ಬಂದಿತು, ಬಂದಮೇಲೆ ಅದರ ಸ್ವರೂಪವೇನು ಎಂಬುದನ್ನು ಇಲ್ಲಿ ಕ್ರಮವಾಗಿ ನಿರೂಪಿಸಲಾಗುವುದು. ಉದಾಹರಣೆಗಾಗಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಕ್ಯಾಲಿಫೋರ್ನಿಯದ ನಿಬಂಧನೆಗಳನ್ನು ತೆಗೆದುಕೊಂಡಿದೆ. ಅವು ವಿಸ್ತಾರವಾಗಿಯೂ ಸ್ಪಷ್ಟವಾಗಿಯೂ ಇರುವುದು ಇದಕ್ಕೊಂದು ಕಾರಣ. ಅಲ್ಲಿ ನೆಲಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಇಂಥ ಗೃಹಗಳಲ್ಲಿ ಹಗಲನ್ನು ಕಳೆಯುವುದು ಇನ್ನೊಂದು ಕಾರಣ.

೨. ಧಾತ್ರಿಯೂ ಕುಮಾರಾಗಾರವೂ

ಹೆತ್ತವಳಲ್ಲದೆ ಮಗುವನ್ನು ಸಾಕುವವಳಿಗೆ ಸಂಸ್ಕೃತದಲ್ಲಿ ಧಾತ್ರಿಯೆಂದು ಹೆಸರು. ಈ ಪದವನ್ನು ಸಾಧಿಸುವುದಕ್ಕೆ ಪಾಣಿನಿಯು ಪ್ರತ್ಯೇಕವಾದ ಸೂತ್ರವನ್ನೇ ರಚಿಸಿದ್ದಾನೆ. ಮೊಲೆಯೂಡುವವಳೆಂಬ ಅರ್ಥವೂ ನೆಲ್ಲಿಯೆಂಬ ಅರ್ಥವೂ ಅದಕ್ಕುಂಟು. ನಮ್ಮ ‘ದಾದಿ’ಯು ಅದರ ತದ್ಭವ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಧಾತ್ರಿಯನ್ನು ಆರಿಸುವ ಬಗೆ ಹೇಳಿದೆ. ಅವಳು ಪ್ರಾಯದವಳೂ, ವಿನಯವುಳ್ಳವಳೂ, ರೋಗರಹಿತಳೂ, ಅಂಗವೈಕಲ್ಯವಿಲ್ಲದವಳೂ, ಶುಚಿಯಾದವಳೂ, ಮಕ್ಕಳಲ್ಲಿ ಅಕ್ಕರೆಯುಳ್ಳವಳೂ ಆಗಿರಬೇಕು. ಆ ಪಟ್ಟಿಯಲ್ಲಿ ಕುಲವೂ ಸೇರಿದೆ. ಅದು ಆ ಕಾಲದ ಮಾತು.

ಅದೇ ಅಧ್ಯಾಯದಲ್ಲಿ ಕುಮಾರಾಗಾರದ, ಎಂದರೆ ಶಿಶುವು ಬೆಳೆಯಬೇಕಾದ ಮನೆಯ, ಲಕ್ಷಣವು ಬರುತ್ತದೆ. ವಾಸ್ತುವಿದ್ಯೆಯನ್ನು ಬಲ್ಲವನು ಅದನ್ನು ಕಟ್ಟಬೇಕು. ಅದು ಗಟ್ಟಿಯಾಗಿರಬೇಕು, ಕತ್ತಲೆಯಿರಬಾರದು, ಬಿರುಗಾಳಿಗೆ ಒಡ್ಡಿರಬಾರದು. ಆದರೂ ಒಂದು ಕಡೆಯಿಂದ ಗಾಳಿಯಾಡುತ್ತಿರಬೇಕು. ಕೋರೆಯುಳ್ಳ ಪ್ರಾಣಿಗಳು, ದನಕರು, ಇಲಿ, ಹುಳುಹುಪ್ಪಟೆಗಳು ಸುಳಿಯಬಾರದು. ನೀರಿನ ಎಡೆ, ಒರಳಿನ ಎಡೆ, ಮಲಮೂತ್ರಗಳ ಎಡೆ, ಮೀಯುವ ಎಡೆ, ಅಡುಗೆಯ ಎಡೆ ಇವು ಬೇರೆಬೇರೆಯಾಗಿ ವಿಂಗಡವಾಗಿರಬೇಕು. ಹಾಸುಹೊದಿಕೆಗಳು ಮೃದುವಾಗಿಯೂ ಹಗುರವಾಗಿಯೂ ಶುಚಿಯಾಗಿಯೂ ಇರಬೇಕು. ಕೊಳೆಯಾದುವನ್ನು ಬಿಸಾಡಬೇಕು, ಬೇರೆ ಇಲ್ಲದಿದ್ದರೆ ಒಗೆದು ಧೂಪಹಾಕಿ ಒಣಗಿಸಿ ಬಳಸಬೇಕು.

ಆಟದ ಸಾಮಾನುಗಳ ವಿಷಯವು ಇನ್ನೂ ಕುತೂಹಲಕರವಾದುದು. ಅವು ಬಣ್ಣಬಣ್ಣದವಾಗಿದ್ದು ಸದ್ದುಮಾಡಬೇಕು. ಭಾರವಾಗಿರಬಾರದು, ತುದಿ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಪ್ರಾಣಕ್ಕೆ ಅಪಾಯ ತರಬಾರದು, ಮಗುವನ್ನು ಬೆದರಿಸುವಂತಿರಬಾರದು. ಮಗು ಅತ್ತಾಗ, ಉಣ್ಣದೆ ಹಟಮಾಡಿದಾಗ, ರಾಕ್ಷಸ ಪಿಶಾಚ ಪೂತನಿಯರ ಹೆಸರು ಹೇಳಿ ಹೆದರಿಸಬಾರದೆಂದೂ ಆಚಾರ್ಯನು ಎಚ್ಚರಿಸುತ್ತಾನೆ. ‘ಗುಮ್ಮ ಬಂದ’ ಎಂದು ಗದರಿಸಿ ಅನ್ನವುಣಿಸುವ ನಾಡಿನಲ್ಲಿ ಈ ಎಚ್ಚರಿಕೆ ಎಂದಿಗೂ ಹಳತಾಗುವುದಿಲ್ಲ.

ಇಷ್ಟು ವಿವರವಾಗಿ ಹೇಳಿದ್ದರೂ ಇದೆಲ್ಲವೂ ಮನೆಯ ಯಜಮಾನನಿಗೂ ವೈದ್ಯನಿಗೂ ಮಾಡಿದ ಹಿತೋಪದೇಶವೇ ಹೊರತು ರಾಜಶಾಸನವಲ್ಲ. ತಪ್ಪಿದವನಿಗೆ ದಂಡವಿಲ್ಲ, ಪರೀಕ್ಷಿಸುವ ಅಧಿಕಾರಿಯಿಲ್ಲ.

೩. ಅನುಜ್ಞೆ ಆಗ ಏಕೆ ಬೇಕಾಗಲಿಲ್ಲ

ವೃತ್ತಿಗೆ ರಾಜಾನುಜ್ಞೆ ಬೇಕೆಂಬ ಕಲ್ಪನೆಯೇ ಪ್ರಾಚೀನರಿಗೆ ಇರಲಿಲ್ಲವೆಂದು ಹೇಳುವಂತಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ, ಶಾಸ್ತ್ರವನ್ನು ಓದಿ, ಅರ್ಥವನ್ನು ತಿಳಿದು, ಕರ್ಮವನ್ನು ಕಂಡು ಮಾಡಿ ಅಭ್ಯಾಸವುಳ್ಳವನಾದ ವೈದ್ಯನು ರಾಜನಿಂದ ಅನುಜ್ಞಾತನಾಗಿ, ಉಗುರು ಕೂದಲುಗಳನ್ನು ಕತ್ತರಿಸಿಕೊಂಡು, ಶುಚಿಯಾಗಿ, ಬಿಳಿಯ ವಸ್ತ್ರವನ್ನು ಉಟ್ಟು ವೃತ್ತಿಯನ್ನು ಪ್ರವೇಶಿಸತಕ್ಕದ್ದೆಂದು ಹೇಳಿದೆ. ಓದು, ಅನುಭವ, ಶುಚಿತ್ವ, ಅನುಜ್ಞೆ ಎಂಬ ನಾಲ್ಕು ಅಂಗಗಳೂ ಅಲ್ಲಿ ಬಂದಿವೆ. ಹೀಗಿರಲಾಗಿ, ವೈದ್ಯನಿಗೆ ಬೇಕಾದ ಅನುಜ್ಞೆ ಧಾತ್ರಿಗೆ ಏಕೆ ಬೇಡವಾಯಿತು?

ವೈದ್ಯನು ಊರಿನವನು, ಪರಿಚಯವಿಲ್ಲದ ಮನೆಗಳಿಗೂ ಹೋಗತಕ್ಕವನು. ಧಾತ್ರಿಯಾದರೋ ಮಗುವಿದ್ದ ಮನೆಗೆ ತಾನೇ ಬಂದು ಅಲ್ಲಿಯೇ ಇರುವವಳು. ಮಗುವಿನ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರ ಕಣ್ಣು ಹಗಲಿರುಳೂ ಅವಳ ಮೇಲಿರುತ್ತಿತ್ತು. ಆ ಕಣ್ಣೇ ಅವಳಿಗೆ ಶಾಸನವಾಗಿತ್ತು. ಅರಸನು ಯೋಚಿಸಬೇಕಾದುದು ಅಂಥ ಕಣ್ಣುಗಳಿಲ್ಲದ ಮಕ್ಕಳನ್ನು ಕುರಿತು ಮಾತ್ರ. ಆದುದರಿಂದಲೇ ಕೌಟಿಲ್ಯನು ದಿಕ್ಕಿಲ್ಲದ ಬಾಲರನ್ನೂ ವೃದ್ಧರನ್ನೂ ರೋಗಿಗಳನ್ನೂ ರಾಜನು ಪೋಷಿಸಬೇಕೆಂದಿದ್ದಾನೆ. ಮನುವು ಅನಾಥಬಾಲಕನ ಸ್ವತ್ತನ್ನು ರಾಜನು ರಕ್ಷಿಸಬೇಕೆಂದಿದ್ದಾನೆ. ಮನೆಯುಳ್ಳ ಮಗುವಿನ ವಿಚಾರವನ್ನು ಅವರು ಮನೆಗೇ ಬಿಟ್ಟಿದ್ದಾರೆ.

ಇದರಿಂದ ಒಂದು ತತ್ತ್ವವು ವ್ಯಕ್ತವಾಗುತ್ತದೆ. ಪಾಲಕಿಯು ಮಗುವಿನ ಮನೆಗೆ ಬಂದರೆ ಮನೆಯವರ ಕಣ್ಣು ಸಾಕು. ಮಗುವೇ ಪರರ ಮನೆಗೆ ಹೋದರೆ ಮನೆಯವರ ಕಣ್ಣಿಗೆ ಬದಲಾಗಿ ಇನ್ನೊಂದು ಕಣ್ಣು ಬೇಕು. ರಾಜಾನುಜ್ಞೆಯೆಂಬುದು ಆ ಇನ್ನೊಂದು ಕಣ್ಣು.

ಪಾಶ್ಚಾತ್ಯ ದೇಶಗಳ ಚರಿತ್ರೆ ಈ ತತ್ತ್ವವನ್ನೇ ಸಮರ್ಥಿಸುತ್ತದೆ. ಕಾರ್ಖಾನೆಗಳು ಬೆಳೆದು ಹೆಂಗಸರು ಹೊರಗೆ ದುಡಿಯತೊಡಗಿದ ಮೇಲೆ, ೧೮೪೪ರಲ್ಲಿ ಪ್ಯಾರಿಸಿನಲ್ಲಿ ಫಿರ್ಮಿನ್ ಮಾರ್ಬೊ ಎಂಬವನು ಹಗಲು ಹೊತ್ತಿನ ಶಿಶುಗೃಹವೊಂದನ್ನು ತೆರೆದನು. ಅದು ದಯೆಯ ಮಾರ್ಗ. ಇಂಗ್ಲೆಂಡಿನಲ್ಲಿ ದುಡ್ಡಿನಾಸೆಯಿಂದ ಹಸುಗೂಸುಗಳನ್ನು ಪಡೆದು ಹಸಿವಿನಿಂದಲೂ ಅಫೀಮಿನಿಂದಲೂ ಸಾಯಿಸುತ್ತಿದ್ದ ಹೆಂಗಸರ ಕೃತ್ಯಗಳು ಹೊರಬಿದ್ದವು. ೧೮೭೦ರಲ್ಲಿ ಅಂಥವಳೊಬ್ಬಳಿಗೆ ಲಂಡನ್ನಿನಲ್ಲಿ ಮರಣದಂಡನೆಯಾಯಿತು. ಅದರ ಫಲವಾಗಿ ೧೮೭೨ರಲ್ಲಿ ಶಿಶುಜೀವ ಸಂರಕ್ಷಣ ಶಾಸನವು ಹುಟ್ಟಿತು. ಒಂದು ವರ್ಷ ತುಂಬದ ಒಂದಕ್ಕಿಂತ ಹೆಚ್ಚು ಶಿಶುಗಳನ್ನು ಹಣಕ್ಕಾಗಿ ಇಪ್ಪತ್ತುನಾಲ್ಕು ಗಂಟೆಗಳಿಗೆ ಮೀರಿ ಇಟ್ಟುಕೊಳ್ಳುವವರು ತಮ್ಮ ಮನೆಯನ್ನು ದಾಖಲೆ ಮಾಡಿಸಬೇಕೆಂದು ಅದರ ವಿಧಿ. ಹಗಲುಪಾಲನೆ ಮಾತ್ರ ಈ ವಿಧಿಯಿಂದ ತಪ್ಪಿಸಿಕೊಂಡಿತು. ಅದನ್ನು ಕಟ್ಟಿನೊಳಗೆ ತಂದುದು ೧೯೪೮ರ ಶಾಸನ. ಮೊದಲ ಶಾಸನಕ್ಕೂ ಇದಕ್ಕೂ ನಡುವೆ ಎಪ್ಪತ್ತಾರು ವರ್ಷಗಳು ಕಳೆದುವು.

೪. ಕ್ಯಾಲಿಫೋರ್ನಿಯದ ನಿಬಂಧನೆಗಳು

ಸಂಯುಕ್ತ ಸಂಸ್ಥಾನಗಳಲ್ಲಿ ಈ ಅಧಿಕಾರವು ಆಯಾ ಸಂಸ್ಥಾನಕ್ಕೆ ಸೇರಿದುದು. ಕೇಂದ್ರಸರಕಾರವು ಧನಸಹಾಯ ಮಾಡುವಾಗ ಕೆಲವು ಷರತ್ತುಗಳನ್ನು ಮಾತ್ರ ಹಾಕುತ್ತದೆ. ಕ್ಯಾಲಿಫೋರ್ನಿಯದ ಮೂಲಶಾಸನವು ೧೯೮೪ರಲ್ಲಿ ಆದುದು; ಅನುಜ್ಞೆ ಕೊಡುವುದು ಅಲ್ಲಿನ ಸಮಾಜಸೇವಾ ಇಲಾಖೆ. ಅನುಜ್ಞೆಯಿಲ್ಲದೆ ಶಿಶುಪಾಲನಗೃಹವನ್ನು ನಡೆಸುವಂತಿಲ್ಲ. ತೆರೆಯಬಯಸುವವರು ಮೊದಲು ಇಲಾಖೆಯ ತಿಳಿವಳಿಕೆಯ ಉಪನ್ಯಾಸವನ್ನು ಕೇಳಿ, ಅರ್ಜಿಯನ್ನೂ ಶುಲ್ಕವನ್ನೂ ಸಲ್ಲಿಸಿ, ಬೆರಳಚ್ಚು ಕೊಟ್ಟು, ಅಗ್ನಿಶಾಮಕ ಅಧಿಕಾರಿಯ ಒಪ್ಪಿಗೆಯನ್ನು ಪಡೆದು, ಸ್ಥಳಪರೀಕ್ಷೆಗೆ ಒಳಗಾಗಬೇಕು. ದೊರೆತ ಅನುಜ್ಞೆಯು ಆ ವ್ಯಕ್ತಿಗೂ ಆ ಸ್ಥಳಕ್ಕೂ ಮಾತ್ರ ಸಲ್ಲುವುದು; ಅದನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ನಿಬಂಧನೆಗಳನ್ನು ಪಾಲಕರು, ಸಂಖ್ಯೆ, ಗೃಹ, ಆಚಾರ, ಪರೀಕ್ಷೆ ಎಂದು ಐದಾಗಿ ವಿಭಾಗಿಸಿ ನೋಡಬಹುದು.

ಪಾಲಕರು: ಮಕ್ಕಳ ಬಳಿ ಇರತಕ್ಕ ವಯಸ್ಕರ ಬೆರಳಚ್ಚುಗಳನ್ನು ಸಂಸ್ಥಾನದ ಮತ್ತು ಕೇಂದ್ರದ ಅಪರಾಧ ದಾಖಲೆಗಳೊಡನೆ ಹೋಲಿಸಿ ನೋಡುವರು. ಆರೋಗ್ಯಪರೀಕ್ಷೆಯೂ ಕ್ಷಯರೋಗದ ಪರೀಕ್ಷೆಯೂ ಆಗಬೇಕು. ೨೦೧೬ರ ಸೆಪ್ಟೆಂಬರ್ ತಿಂಗಳಿಂದ ದಡಾರ, ನಾಯಿಕೆಮ್ಮು, ಇನ್‌ಫ್ಲುಯೆಂಜ ಇವುಗಳ ಚುಚ್ಚುಮದ್ದಿನ ನಿಯಮವೂ ಸೇರಿದೆ. ಉಪಾಧ್ಯಾಯಿನಿಯು ಶಿಶುಶಿಕ್ಷಣದಲ್ಲಿ ಕಾಲೇಜಿನ ನಿಯತವಾದ ವ್ಯಾಸಂಗವನ್ನು ಮಾಡಿರಬೇಕು. ಮುಖ್ಯಾಧಿಕಾರಿಗೆ ಅದಕ್ಕೆ ಮಿಗಿಲಾಗಿ ಆಡಳಿತದ ಓದೂ ಅನುಭವವೂ ಬೇಕು. ಉಸಿರು ಕಟ್ಟಿದ ಮಗುವಿಗೆ ಪ್ರಥಮಚಿಕಿತ್ಸೆ ಮಾಡಬಲ್ಲವರೊಬ್ಬರು ಮಕ್ಕಳಿರುವಷ್ಟು ಹೊತ್ತೂ ಸ್ಥಳದಲ್ಲಿರತಕ್ಕದ್ದು.

ಸಂಖ್ಯೆ: ಎರಡು ವರ್ಷದೊಳಗಿನ ಶಿಶುಗಳು ನಾಲ್ವರಿಗೆ ಒಬ್ಬ ಪಾಲಕಿ, ಅದಕ್ಕೆ ಮೇಲ್ಪಟ್ಟು ಶಾಲೆಗೆ ಸೇರುವವರೆಗಿನ ಮಕ್ಕಳು ಹನ್ನೆರಡು ಮಂದಿಗೆ ಒಬ್ಬ ಉಪಾಧ್ಯಾಯಿನಿ. ಇವರು ಮಕ್ಕಳನ್ನು ಕಣ್ಣಿನಿಂದ ಕಾಣುತ್ತಿರಬೇಕು. ಪಕ್ಕದ ಕೋಣೆಯಲ್ಲಿದ್ದರೆ ಸಾಲದು.

ಗೃಹ: ಒಳಗೆ ಒಂದೊಂದು ಮಗುವಿಗೂ ೩೫ ಚದರಡಿ, ಹೊರಗಿನ ಆಟದ ಬಯಲಿನಲ್ಲಿ ೭೫ ಚದರಡಿ ಸ್ಥಳವಿರಬೇಕು. ಬಯಲಿಗೆ ನಾಲ್ಕಡಿಗೆ ಕಡಮೆಯಿಲ್ಲದ ಬೇಲಿ ಇರಬೇಕು. ಹದಿನೈದು ಮಕ್ಕಳಿಗೆ ಒಂದರಂತೆ ಕಕ್ಕಸೂ ಕೈತೊಳೆಯುವ ತೊಟ್ಟಿಯೂ ಬೇಕು. ೨೦೧೦ಕ್ಕೆ ಹಿಂದೆ ಕಟ್ಟಿದ ಮನೆಗಳಲ್ಲಿನ ಗೃಹಗಳು ಕುಡಿಯುವ ನೀರಿನಲ್ಲಿ ಸೀಸವಿದೆಯೇ ಎಂದು ಪರೀಕ್ಷಿಸಬೇಕೆಂದು ೨೦೧೮ರ ಶಾಸನವು ವಿಧಿಸಿತು. ಹಳೆಯ ಕೊಳವೆಗಳಿಂದ ನೀರಿಗೆ ಇಳಿಯುವ ಸೀಸವು ಕಣ್ಣಿಗೂ ನಾಲಗೆಗೂ ತಿಳಿಯದೆ ಮಗುವಿನ ಮಿದುಳನ್ನು ಕೆಡಿಸುವುದು.

ಆಚಾರ: ಬೆಳಗ್ಗೆ ಬಂದ ಮಗುವನ್ನು ನೋಡಿ, ಕಾಯಿಲೆಯ ಚಿಹ್ನೆಯಿದ್ದರೆ ಸೇರಿಸಿಕೊಳ್ಳಬಾರದು. ತಂದುಬಿಡುವವರೂ ಕರೆದೊಯ್ಯುವವರೂ ಹೊತ್ತನ್ನು ಬರೆದು ರುಜು ಹಾಕಬೇಕು. ಹಸುಗೂಸನ್ನು ಅಂಗಾತವಾಗಿಯೇ ಮಲಗಿಸಬೇಕು. ನಿದ್ದೆಯಲ್ಲಿರುವಾಗ ಹದಿನೈದು ನಿಮಿಷಕ್ಕೊಮ್ಮೆ ನೋಡಿ ದಾಖಲೆಯಲ್ಲಿ ಬರೆಯಬೇಕು. ಬೋರಲಾಗಿ ಮಲಗಿದ ಕೂಸುಗಳು ಕಾರಣ ಕಾಣದೆ ನಿದ್ದೆಯಲ್ಲಿಯೇ ಸಾಯುವುದು ಹೆಚ್ಚೆಂದು ವೈದ್ಯರು ಕಂಡುಕೊಂಡದ್ದೇ ಇದಕ್ಕೆ ಕಾರಣ. ಹೊಡೆಯುವುದು, ನೋಯಿಸುವುದು, ಹಂಗಿಸುವುದು, ಹೀಯಾಳಿಸುವುದು, ಬೆದರಿಸುವುದು ಎಲ್ಲವೂ ನಿಷಿದ್ಧ.

ಪರೀಕ್ಷೆ: ಅಧಿಕಾರಿಯು ಮುಂಚಿತವಾಗಿ ತಿಳಿಸದೆ ಬಂದು ನೋಡಬಹುದು. ಮಕ್ಕಳಿರುವ ಹೊತ್ತಿನಲ್ಲಿ ತಾಯಿತಂದೆಗಳೂ ಮುನ್ಸೂಚನೆಯಿಲ್ಲದೆ ಒಳಗೆ ಬಂದು ನೋಡುವ ಹಕ್ಕುಳ್ಳವರು. ಮಕ್ಕಳ ಕ್ಷೇಮಕ್ಕೆ ಅಪಾಯಕರವಾದ ದೋಷವು ಕಂಡರೆ ಆ ವರದಿಯನ್ನು ಎಲ್ಲರಿಗೂ ಕಾಣುವಂತೆ ಮೂವತ್ತು ದಿನ ತೂಗುಹಾಕಬೇಕು. ರಾಜ್ಯದ ಕಣ್ಣು ಮನೆಯವರ ಕಣ್ಣನ್ನು ಮುಚ್ಚದೆ ಅದಕ್ಕೆ ಬಾಗಿಲು ತೆಗೆದಿದೆ ಎಂಬುದು ಇಲ್ಲಿ ಗಮನಿಸತಕ್ಕ ಅಂಶ.

ಮೇಲೆ ಹೇಳಿದ ತತ್ತ್ವಕ್ಕೆ ಈ ಶಾಸನದ ವಿನಾಯಿತಿಗಳೇ ಬಲವಾದ ಪ್ರಮಾಣ. ಬಂಧುಗಳು ಮಗುವನ್ನು ನೋಡಿಕೊಳ್ಳುವುದಕ್ಕೆ ಅನುಜ್ಞೆ ಬೇಕಿಲ್ಲ. ತನ್ನ ಮಕ್ಕಳ ಜೊತೆಗೆ ಇನ್ನೊಂದೇ ಸಂಸಾರದ ಮಕ್ಕಳನ್ನು ತನ್ನ ಮನೆಯಲ್ಲಿ ನೋಡಿಕೊಳ್ಳುವವಳಿಗೂ ಬೇಕಿಲ್ಲ. ಮೊಮ್ಮಗುವಿಗಾಗಿ ಮೈಸೂರಿನಿಂದಲೋ ಧಾರವಾಡದಿಂದಲೋ ಕಡಲು ದಾಟಿ ಹೋದ ಅಜ್ಜಿಯನ್ನು ಕ್ಯಾಲಿಫೋರ್ನಿಯದ ಯಾವ ಅಧಿಕಾರಿಯೂ ಅನುಜ್ಞೆ ಕೇಳುವುದಿಲ್ಲ.

೫. ಚರಕನ ಉಪದೇಶವೂ ಶಾಸನದ ಲೆಕ್ಕವೂ

ಎರಡನ್ನೂ ಎದುರುಬದುರಾಗಿ ಇಟ್ಟು ನೋಡಿದರೆ ಸಾಮ್ಯವು ಅಚ್ಚರಿಯನ್ನುಂಟುಮಾಡುವಂತಿದೆ. ಬೆಳಕು, ಗಾಳಿ, ವಿಂಗಡವಾದ ಎಡೆಗಳು, ಶುಚಿಯಾದ ಹಾಸಿಗೆ, ಪಾಲಕಿಯ ಆರೋಗ್ಯ, ಹೆದರಿಸದಿರುವಿಕೆ, ಬಾಯೊಳಗೆ ಹೋಗದ ಆಟಿಕೆ ಎಂಬ ವಿಷಯಗಳಲ್ಲಿ ಶಾಸನಕಾರರೂ ಚರಕನೂ ಒಂದೇ ಮಾತನ್ನಾಡುತ್ತಾರೆ. ಒಬ್ಬರಿಂದ ಇನ್ನೊಬ್ಬರು ಪಡೆದುಕೊಂಡರೆಂದು ಊಹಿಸಲು ಆಧಾರವಿಲ್ಲ, ಅವಶ್ಯಕತೆಯೂ ಇಲ್ಲ. ಎಲ್ಲ ನಾಡುಗಳಲ್ಲಿಯೂ ಮಗುವು ಕೈಗೆ ಸಿಕ್ಕಿದ್ದನ್ನು ಬಾಯಿಗೇ ಹಾಕುವುದು. ಆ ಅಪಾಯವನ್ನು ಕಂಡವರೆಲ್ಲರೂ ಅದೇ ಎಚ್ಚರವನ್ನು ಹೇಳುವರು.

ಭೇದವಿರುವುದು ಸಂಖ್ಯೆಯಲ್ಲಿ. ಮನೆ ವಿಶಾಲವಾಗಿರಲಿ ಎಂದು ಹೇಳಿದರೆ ಶಾಸನಕ್ಕೆ ಸಾಲದು. ಎಷ್ಟು ಚದರಡಿ ಎಂದು ಹೇಳಬೇಕು. ಉಪದೇಶವನ್ನು ಕೇಳುವವನು ಮಗುವಿನ ಹಿತವನ್ನೇ ಬಯಸುವವನು. ಅವನಿಗೆ ಗುಣವಾಚಕಗಳು ಸಾಕು. ಶಾಸನವನ್ನು ಕೇಳುವವನು ಲಾಭವನ್ನೂ ನೋಡತಕ್ಕವನು. ವಿಶಾಲವೆಂದರೆ ಏನೆಂದು ಅವನು ನ್ಯಾಯಸ್ಥಾನದಲ್ಲಿ ವಾದಿಸಬಲ್ಲನು. ಆದುದರಿಂದ ಗುಣವನ್ನು ಗಣನೆಯಾಗಿ ಮಾರ್ಪಡಿಸುವುದೇ ಶಾಸನದ ಕೆಲಸ.

ಸಂಖ್ಯೆಯ ವಿಷಯದಲ್ಲಿ ನಮ್ಮ ಸಾಹಿತ್ಯದ ಒಂದು ಪ್ರಸಿದ್ಧಿಯನ್ನು ಇಲ್ಲಿ ನೆನೆಯಬಹುದು. ಜೈನಾಗಮಗಳಲ್ಲಿ ರಾಜಕುಮಾರನಿಗೆ ಐವರು ಧಾತ್ರಿಯರು: ಹಾಲೂಡುವವಳು, ಮೀಯಿಸುವವಳು, ಸಿಂಗರಿಸುವವಳು, ಆಟವಾಡಿಸುವವಳು, ತೊಡೆಯ ಮೇಲಿಟ್ಟುಕೊಳ್ಳುವವಳು. ಅಲ್ಲಿ ಒಂದು ಮಗುವಿಗೆ ಐದು ಮಂದಿ. ಇಲ್ಲಿ ನಾಲ್ಕು ಮಕ್ಕಳಿಗೆ ಒಬ್ಬಳು. ಆ ಐದು ಕೆಲಸಗಳನ್ನೂ ಒಬ್ಬಳೇ ನಾಲ್ವರಿಗೂ ಮಾಡಬೇಕು. ಅರಮನೆಯ ಮಗುವಿಗೆ ಸಂಖ್ಯೆಯ ನಿಯಮವು ಬೇಕಿರಲಿಲ್ಲ. ನಾಲ್ಕು ಐದಾಗಿ, ಐದು ಎಂಟಾಗಿ ಬೆಳೆಯದಂತೆ ತಡೆಯುವ ನಿಯಮವು ಬೇಕಾದುದು ದುಡಿದುಣ್ಣುವವರ ಮಗುವಿಗೆ.

೬. ಆಕ್ಷೇಪವೂ ಸಮಾಧಾನವೂ

ಇದಕ್ಕೆ ಒಂದು ಆಕ್ಷೇಪವುಂಟು. ನಾಲ್ವರಿಗೊಬ್ಬಳೆಂದು ವಿಧಿಸಿದ ಮೇಲೆ ಒಬ್ಬಳ ಸಂಬಳವನ್ನು ನಾಲ್ಕು ಸಂಸಾರಗಳೇ ಹೊರಬೇಕು. ಸ್ಥಳದ ಬಾಡಿಗೆ ಬೇರೆ. ನಿಯಮವು ಬಿಗಿಯಾದಷ್ಟೂ ಶುಲ್ಕವು ಏರುವುದು. ಅದನ್ನು ತೆರಲಾರದವರು ಅನುಜ್ಞೆಯಿಲ್ಲದ ಮನೆಗಳಿಗೆ ಮಕ್ಕಳನ್ನು ಒಪ್ಪಿಸುವರು. ಹೀಗಾದರೆ ಯಾರ ರಕ್ಷಣೆಗಾಗಿ ಶಾಸನವು ಹುಟ್ಟಿತೋ ಅವರೇ ಅದರ ಹೊರಗೆ ಉಳಿಯುವರಲ್ಲವೆ?

ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಇದರಿಂದ ಸಿದ್ಧವಾಗುವುದು ನಿಯಮವು ಬೇಡವೆಂದಲ್ಲ, ನಿಯಮವೊಂದೇ ಸಾಲದೆಂದು. ಬೇಲಿಯ ಎತ್ತರವನ್ನು ತಗ್ಗಿಸಿದರೆ ಬಡವನ ಹೊರೆ ಇಳಿಯಬಹುದು. ಬೀದಿಗೆ ಓಡುವ ಮಗುವೂ ಬಡವನದೇ ಆಗುವುದು. ಅಳತೆಯನ್ನು ವಿಧಿಸಿದ ರಾಜ್ಯವು ಆ ಅಳತೆಯ ವೆಚ್ಚದಲ್ಲಿ ಪಾಲುಗೊಳ್ಳುವುದೇ ಇದಕ್ಕೆ ಸಮಾಧಾನ. ಮನೆಗಳಲ್ಲಿಯೇ ನಡೆಸುವ ಸಣ್ಣ ಗೃಹಗಳಿಗೆ ಕ್ಯಾಲಿಫೋರ್ನಿಯವು ಪ್ರತ್ಯೇಕವಾದ, ಹಗುರವಾದ ಅನುಜ್ಞೆಯನ್ನು ಏರ್ಪಡಿಸಿದೆ. ಚಿಕ್ಕದರಲ್ಲಿ ಎಂಟರವರೆಗೆ, ದೊಡ್ಡದರಲ್ಲಿ ಹದಿನಾಲ್ಕರವರೆಗೆ ಮಕ್ಕಳಿರಬಹುದು.

೭. ಭಾರತದ ಸ್ಥಿತಿ

ಮೀಮಾಂಸಕರು ಅಪೂರ್ವವಿಧಿ, ನಿಯಮವಿಧಿ, ಪರಿಸಂಖ್ಯಾವಿಧಿ ಎಂದು ಮೂರು ಬಗೆಯನ್ನು ಹೇಳುವರು. ಬೇರೆ ಯಾವುದರಿಂದಲೂ ಪ್ರಾಪ್ತವಾಗದ ಕಾರ್ಯವನ್ನು ಮಾಡಿಸುವುದು ಅಪೂರ್ವವಿಧಿ. ಹಲವು ಬಗೆಯಲ್ಲಿ ಮಾಡಬಹುದಾದುದನ್ನು ಒಂದೇ ಬಗೆಯಲ್ಲಿ ಮಾಡೆನ್ನುವುದು ನಿಯಮ. ಭತ್ತದ ಹೊಟ್ಟನ್ನು ಉಗುರಿನಿಂದ ಬಿಡಿಸದೆ ಕುಟ್ಟಿಯೇ ತೆಗೆಯತಕ್ಕದ್ದೆಂಬುದು ಇದಕ್ಕೆ ಉದಾಹರಣೆ. ಇಷ್ಟನ್ನು ಬಿಟ್ಟು ಮಿಕ್ಕುದು ಕೂಡದೆನ್ನುವುದು ಪರಿಸಂಖ್ಯೆ. ಶಿಶುಪಾಲನೆಯ ಶಾಸನಗಳಿಗೆ ಈ ವಿಭಾಗವು ಚೆನ್ನಾಗಿ ಹೊಂದುತ್ತದೆ. ಅನುಜ್ಞೆಯುಳ್ಳವರ ಹೊರತು ಇತರರು ಗೃಹವನ್ನು ನಡೆಸಕೂಡದೆಂಬುದು ಪರಿಸಂಖ್ಯೆ. ನಡೆಸುವವರು ಇಂತೇ ನಡೆಸಬೇಕೆಂಬುದು ನಿಯಮ. ಗೃಹವನ್ನು ತೆರೆಯೆಂದು ಕ್ಯಾಲಿಫೋರ್ನಿಯದ ಶಾಸನವು ಯಾರಿಗೂ ಹೇಳುವುದಿಲ್ಲ.

ಭಾರತದ ಶಾಸನಗಳಾದರೋ ಬಹುಮಟ್ಟಿಗೆ ಅಪೂರ್ವವಿಧಿಯ ಜಾತಿಗೆ ಸೇರಿದವು. ಇಂಗ್ಲೆಂಡು ಹಗಲುಪಾಲನೆಯನ್ನು ದಾಖಲೆಗೆ ಒಳಪಡಿಸಿದ ೧೯೪೮ರಲ್ಲಿಯೇ ಇಲ್ಲಿ ಕಾರ್ಖಾನೆಗಳ ಶಾಸನವಾಯಿತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಅವರ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹವಿರಬೇಕೆಂದು ಅದರ ೪೮ನೆಯ ಪ್ರಕರಣವು ವಿಧಿಸಿತು. ೧೯೭೬ರಲ್ಲಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಲಾಯಿತು. ೧೯೫೧ರ ತೋಟಗಾರಿಕೆ ಕಾರ್ಮಿಕರ ಶಾಸನವು ಇದೇ ಬಗೆಯ ವಿಧಿಯನ್ನು ತೋಟಗಳಿಗೂ ವಿಸ್ತರಿಸಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿಯ ದೊಡ್ಡ ತೋಟಗಳು ಅದರ ವ್ಯಾಪ್ತಿಗೆ ಬಂದುವು. ೨೦೧೭ರ ಹೆರಿಗೆ ಸೌಲಭ್ಯದ ತಿದ್ದುಪಡಿಯು ಐವತ್ತು ಮಂದಿ ನೌಕರರುಳ್ಳ ಸಂಸ್ಥೆಗಳಿಗೆ ಶಿಶುಗೃಹವನ್ನು ವಿಧಿಸಿ, ತಾಯಿಯು ದಿನಕ್ಕೆ ನಾಲ್ಕು ಸಲ ಮಗುವನ್ನು ಹೋಗಿ ನೋಡುವ ಹಕ್ಕನ್ನು ಕೊಟ್ಟಿತು. ಆ ಹಕ್ಕನ್ನು ಒಳಗೊಂಡ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯು ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದಿತು. ೧೯೪೮ರ ಶಾಸನವು ಹೆಂಗಸರನ್ನು ಮಾತ್ರ ಎಣಿಸಿತು. ೨೦೧೭ರದು ಗಂಡಸರನ್ನೂ ಸೇರಿಸಿ ಎಣಿಸಿತು. ಮಗುವಿಗೆ ತಂದೆಯೂ ಉಂಟೆಂಬುದನ್ನು ಶಾಸನವು ಒಪ್ಪಲು ಅರುವತ್ತೊಂಬತ್ತು ವರ್ಷಗಳು ಬೇಕಾದುವು.

ರಾಜ್ಯವು ತಾನೇ ಗೃಹಗಳನ್ನು ತೆರೆದುದೂ ಉಂಟು. ೧೯೭೫ರ ಅಕ್ಟೋಬರ್ ೨ರಂದು ಆರಂಭವಾದ ಸಮಗ್ರ ಶಿಶುವಿಕಾಸ ಯೋಜನೆಯ ಅಂಗನವಾಡಿಗಳು ಹಳ್ಳಿಹಳ್ಳಿಗೂ ತಲುಪಿದುವು. ಕರ್ನಾಟಕದಲ್ಲಿ ಅದು ಮೊದಲಾದುದು ತಿರುಮಕೂಡಲು ನರಸೀಪುರದಲ್ಲಿ. ದುಡಿಯುವ ಹೆಂಗಸರ ಎಳೆಯ ಮಕ್ಕಳಿಗಾಗಿ ೪,೦೦೦ ಗ್ರಾಮಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಕರ್ನಾಟಕ ಸರಕಾರವು ೨೦೨೩ರ ಆಯವ್ಯಯದಲ್ಲಿ ಸಾರಿತು.

ಇಷ್ಟೆಲ್ಲ ಇದ್ದರೂ ನಿಯಮ ಪರಿಸಂಖ್ಯೆಗಳ ಪಕ್ಷವು ದುರ್ಬಲವಾಗಿದೆ. ಪಟ್ಟಣದ ಬಡಾವಣೆಯಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದು ಹಲಗೆ ತೂಗುಹಾಕಿ ಮಕ್ಕಳನ್ನು ಸೇರಿಸಿಕೊಳ್ಳುವವರೆಲ್ಲರೂ ದಾಖಲೆ ಮಾಡಿಸಿಕೊಳ್ಳಬೇಕೆಂದು ವಿಧಿಸುವ ಅಖಿಲ ಭಾರತ ಶಾಸನವಿಲ್ಲ. ೨೦೧೫ರ ಬಾಲನ್ಯಾಯ ಶಾಸನವು ಕೇಳುವ ದಾಖಲೆಯು ಪೋಷಣೆ ರಕ್ಷಣೆಗಳ ಅಗತ್ಯವುಳ್ಳ ಮಕ್ಕಳ ನಿಲಯಗಳಿಗೆ ಸಂಬಂಧಿಸಿದುದು. ಕೌಟಿಲ್ಯನ ಹಾಗೆ ಅದು ದಿಕ್ಕಿಲ್ಲದ ಮಗುವನ್ನೇ ಮುಖ್ಯವಾಗಿ ಕಾಣುತ್ತದೆ. ದಿಕ್ಕಿದ್ದೂ ಹಗಲೆಲ್ಲ ಪರರ ಮನೆಯಲ್ಲಿರುವ ಮಗುವು ಎರಡು ಶಾಸನಗಳ ನಡುವಣ ಬಯಲಿನಲ್ಲಿದೆ. ಕೂಡುಕುಟುಂಬಗಳು ಒಡೆದು, ಅಜ್ಜಿಯು ಒಂದೂರಿನಲ್ಲಿಯೂ ಮೊಮ್ಮಗು ಇನ್ನೊಂದೂರಿನಲ್ಲಿಯೂ ಇರುವ ಕಾಲದಲ್ಲಿ ಈ ಬಯಲು ವರ್ಷವರ್ಷವೂ ಹಿಗ್ಗುತ್ತಿದೆ.

೮. ಉಪಸಂಹಾರ

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ಶಿಶುಪಾಲನೆಯ ತತ್ತ್ವಗಳನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಅವು ಮನೆಗೆ ಹೇಳಿದ ಮಾತಾಗಿ ಉಳಿದುವು. ಮಗುವು ಮನೆಯ ಹೊಸ್ತಿಲನ್ನು ದಾಟಿದ ಮೇಲೆ ಆ ಮಾತೇ ಶಾಸನವಾಗಿ ಅದರ ಹಿಂದೆ ಹೋಗಬೇಕಾಯಿತು. ಅನುಜ್ಞೆಯು ಅಕ್ಕರೆಯನ್ನು ಹುಟ್ಟಿಸಲಾರದು. ಚರಕನು ಹೇಳಿದ ಧಾತ್ರೀಗುಣಗಳಲ್ಲಿ ಮಕ್ಕಳ ಮೇಲಣ ಪ್ರೀತಿಯನ್ನು ಅಳೆಯುವ ಕೋಲು ಯಾವ ಇಲಾಖೆಯ ಬಳಿಯೂ ಇಲ್ಲ. ಅಕ್ಕರೆಯಿಲ್ಲದ ಕಡೆಯಲ್ಲಿಯೂ ಮಗುವು ಸಂಜೆಗೆ ಕ್ಷೇಮವಾಗಿ ಮನೆಗೆ ಮರಳುವಂತೆ ಮಾಡುವುದು ಅದರ ಪ್ರಯೋಜನ. ವೈದ್ಯನಿಗೆ ಸುಶ್ರುತನು ವಿಧಿಸಿದ ಓದು, ಅನುಭವ, ಶುಚಿತ್ವ, ರಾಜಾನುಜ್ಞೆ ಎಂಬ ನಾಲ್ಕನ್ನು, ವೈದ್ಯನಿಗಿಂತಲೂ ಹೆಚ್ಚು ಹೊತ್ತು ಮಗುವಿನ ಬಳಿಯಿರುವವರಿಂದ ಕೇಳುವುದು ಹೆಚ್ಚಿನ ಕೇಳಿಕೆಯಾಗಲಾರದು.